ಇಂದ್ರಕಲಾಳ ನಲವತ್ತೊಂದು ಕುಂಡಗಳು

ನಮ್ಮ ಬೆಟ್ಟದೂರು ಸೋನಾದಾದಲ್ಲಿ ಮಂಜಿಗೆ ಹೊತ್ತುಗೊತ್ತಿಲ್ಲ. ಏಳು ಗಂಟೆಗೆ ಬಿಸಿಲು ಬಂತೆಂದು ಬಟ್ಟೆ ಹರವಿದರೆ ಎಂಟಕ್ಕೆಲ್ಲ ಕೆಳಗಿನ ಕಣಿವೆಯಿಂದ ಮಂಜು ಎದ್ದು ಬಂದು ಬಟ್ಟೆಯನ್ನೂ ಬೇಲಿಯನ್ನೂ ನುಂಗಿಬಿಡುತ್ತದೆ. ಆಗ ನಾವೆಲ್ಲ ಬಟ್ಟೆ ಬಾಚಿಕೊಂಡು ಒಳಗೆ ಓಡುತ್ತೇವೆ. ನನ್ನ ಎದುರುಮನೆಯ ಇಂದ್ರಕಲಾ ಮಾತ್ರ ಬಟ್ಟೆಯನ್ನು ನೆನೆಯಲು ಬಿಟ್ಟು ಕುಂಡಗಳನ್ನು ಎತ್ತುತ್ತಿದ್ದಳು. ಒಟ್ಟು ನಲವತ್ತೊಂದು ಕುಂಡ. ಹೆಸರಿಗೆ ಕುಂಡ, ಆದರೆ ಹೆಚ್ಚಿನವು ತುಪ್ಪದ ಡಬ್ಬಿ, ಹಾಲಿನಪುಡಿಯ ಡಬ್ಬಿ, ಬಣ್ಣದ ಡಬ್ಬಿ. ಎಲ್ಲದರಲ್ಲೂ ಮೊಳದುದ್ದ ಮೀರದ ಬಟನ್ ಗುಲಾಬಿ: ಬೆರಳಿನ ಉಗುರಿನಷ್ಟು ಎಲೆ, ಅಂಗಿಯ ಗುಂಡಿಯಷ್ಟು ಹೂ.

ಕಿಟಕಿಯ ಪಕ್ಕದ ಮಂಚದಲ್ಲಿ ಅವಳ ಅತ್ತೆ ಧನ್‌ಕುಮಾರಿ ಕೂತು ಎಣಿಸುತ್ತಿದ್ದರು. ಗಾಜಿನಾಚೆ ನನ್ನ ಹೊಲಿಗೆ ಅಂಗಡಿಯವರೆಗೂ ಆ ದನಿ ಕೇಳುತ್ತಿತ್ತು. ಸೊಸೆಯನ್ನು ಅವರು ಬುಹಾರಿ ಎಂದೇ ಕರೆಯುತ್ತಿದ್ದರು.

"ಮೂವತ್ತೊಂಬತ್ತು. ಇನ್ನೆರಡೆಲ್ಲಿ ಬುಹಾರಿ? ನಿಮ್ಮಪ್ಪನ ಮನೆಗೆ ಕಳಿಸಿಬಿಟ್ಯಾ?"

"ತರ್ತಿದೀನಿ ಆಮಾ. ನನಗಿರೋದು ಎರಡೇ ಕೈ."

"ಎರಡು ಕೈ ಇದ್ರೆ ಎರಡು ಕುಂಡ ಎತ್ತಬಹುದಲ್ಲ! ಒಂದೊಂದೇ ಹೊತ್ಕೊಂಡು ಬರ್ತೀಯಲ್ಲ, ಮದುವೆ ದಿಬ್ಬಣಾನಾ ಇದು?"

ಮಂಜು ಹೋಗಿ ಬಿಸಿಲು ಬಂದರೆ ಅವೇ ನಲವತ್ತೊಂದು ಮತ್ತೆ ಹೊರಗೆ. ಕೆಲವು ದಿನ ಹೀಗೆ ಮೂರು ಸಲ ಆಗುತ್ತಿತ್ತು.

ಇಂದ್ರಕಲಾ ಮಿರಿಕ್ ಕಡೆಯವಳು. ಹನ್ನೆರಡನೇ ತರಗತಿ ಮುಗಿಸಿದ್ದಳು. ಪದಮ್ ರಾಯಿಯನ್ನು ಮದುವೆಯಾಗಿ ನಮ್ಮ ಓಣಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಪದಮ್‌ಗೆ ಕೆಳಗೆ ಸಿಲಿಗುರಿಯ ಚಹಾ ಗೋದಾಮಿನಲ್ಲಿ ತೂಕ ಹಾಕುವ ಕೆಲಸ. ತಿಂಗಳಿಗೊಮ್ಮೆ ಮೇಲೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ. ಮದುವೆಯಾದ ಎರಡನೇ ವರ್ಷ ಅವಳಿಗೆ ಆರೋಗ್ಯ ಕಾರ್ಯಕರ್ತೆಯ ತರಬೇತಿಗೆ ಆಯ್ಕೆಯಾಗಿರುವ ಪತ್ರ ಬಂತು. ಒಂದೂವರೆ ವರ್ಷದ ತರಬೇತಿ, ಆಮೇಲೆ ಸರ್ಕಾರಿ ಕೆಲಸ. ಆ ಪತ್ರವನ್ನು ಅವಳು ಮೊದಲು ತಂದು ತೋರಿಸಿದ್ದು ನನಗೆ.

ಅದೇ ತಿಂಗಳು, ಮಳೆಗಾಲದ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ, ಎರಡೂ ಕಂಕುಳಲ್ಲಿ ಒಂದೊಂದು ಕುಂಡ ಇಟ್ಟುಕೊಂಡು ಇಳಿಯುತ್ತಿದ್ದ ಧನ್‌ಕುಮಾರಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕುಂಡಗಳನ್ನು ಕೈಬಿಡದೆ ಬಿದ್ದದ್ದರಿಂದಲೇ ಹಾಗಾಯಿತೆಂದು ಡಾಕ್ಟರು ಬೈದರಂತೆ. ತರಬೇತಿ ಶುರುವಾಗಲು ಇನ್ನೂ ಮೂರು ವಾರ ಇತ್ತು.

"ಹದಿನೈದು ದಿನ ನೋಡ್ಕೊಳ್ತೀನಿ ದಿದಿ, ಎದ್ದು ಓಡಾಡೋ ಹಾಗಾದ ಮೇಲೆ ಹೋಗ್ತೀನಿ" ಅಂದಳು ಇಂದ್ರಕಲಾ.

ಧನ್‌ಕುಮಾರಿ ಗೋಡೆ ಹಿಡಿದು ಓಡಾಡುವಂತಾಗಲು ಎಂಟು ತಿಂಗಳು ಹಿಡಿಯಿತು. ಅದೂ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ. ಮರುವರ್ಷ ಮತ್ತೆ ಪತ್ರ ಬರಲಿಲ್ಲ. ಇಂದ್ರಕಲಾಳ ಹೊಟ್ಟೆಯಲ್ಲಿ ಎರಡು ಸಲ ಮಗು ನಿಂತು ಎರಡು ಸಲವೂ ಹೋಯಿತು. ಆಮೇಲೆ ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಧನ್‌ಕುಮಾರಿ ಹರೆಯದಲ್ಲಿ ಚಹಾ ತೋಟದ ಮ್ಯಾನೇಜರ ಬಂಗಲೆಯಲ್ಲಿ ಆಯಾ ಆಗಿದ್ದವರು. ಅಲ್ಲಿಂದ ಹೊರಟಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಐದು ಕಡ್ಡಿಗಳಿಂದ ಈ ನಲವತ್ತೊಂದೂ ಆದದ್ದು. ಗುಲಾಬಿಯ ವಿಷಯದಲ್ಲಿ ಅವರಿಗೆ ತಿಳಿಯದ್ದಿರಲಿಲ್ಲ. ಮಂಚದ ಮೇಲಿಂದಲೇ ಸೊಸೆಗೆ ಎಲ್ಲ ಕಲಿಸಿದರು. ನೀರನ್ನು ಬುಡಕ್ಕೆ ಹಾಕಬೇಕು, ಎಲೆಗೆ ಮಂಜಿನ ತೇವವೂ ತಾಗಬಾರದು. ಕಪ್ಪು ಚುಕ್ಕೆ ಬಿದ್ದ ಎಲೆಯನ್ನು ಆರಿಸಿ ಒಲೆಗೆ ಹಾಕಬೇಕು, ಬುಡದಲ್ಲಿ ಬಿಡಬಾರದು. ಚಳಿಗಾಲದಲ್ಲಿ ಗಾಜಿನ ಹತ್ತಿರ ಇಟ್ಟ ಕುಂಡವನ್ನು ಮೂರು ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿಸಬೇಕು, ಇಲ್ಲವಾದರೆ ಗಿಡ ಬೆಳಕಿನ ಕಡೆ ಕತ್ತು ಚಾಚಿ ಬೋಳಾಗುತ್ತದೆ. ಒಲೆಯ ಬಿಸಿಗೆ ಹತ್ತಿರ ಇಡಬಾರದು. ತಟ್ಟೆಯಲ್ಲಿ ಹರಳುಕಲ್ಲು ಹರಡಿ ನೀರು ಹಾಕಿ, ಅದರ ಮೇಲೆ ಕುಂಡ ಕೂರಿಸಬೇಕು. ಬೇರು ನೀರಿಗೆ ಮುಟ್ಟಬಾರದು, ಗಾಳಿ ಮಾತ್ರ ತಂಪಾಗಿರಬೇಕು. ಜನವರಿ ಕೊನೆಯಲ್ಲಿ, ಹೊರಮುಖದ ಮೊಗ್ಗಿನ ಮೇಲೆ, ಅರ್ಧಕ್ಕರ್ಧ ಕತ್ತರಿಸಬೇಕು.

"ಇನ್ನೂ ಕೆಳಗೆ ಕತ್ತರಿಸು. ಇನ್ನೂ ಕೆಳಗೆ! ಗಿಡಕ್ಕೆ ನೋಯುತ್ತೆ ಅಂತ ಕೂದಲು ಕತ್ತರಿಸೋ ಹಾಗೆ ತುದಿ ಕತ್ತರಿಸ್ತಾಳೆ ನೋಡು."

"ಸತ್ತು ಹೋದ್ರೆ ನನ್ನನ್ನೇ ಬೈತೀರಲ್ಲ ಆಮಾ."

"ಬದುಕಿದ್ರೂ ಬೈತೀನಿ. ಕತ್ತರಿಸು."

ಒಂದು ಕಡ್ಡಿಯನ್ನೂ ಅವರು ಯಾರಿಗೂ ಕೊಟ್ಟವರಲ್ಲ. ಕಾಲಿಂಪಾಂಗಿನ ನರ್ಸರಿಯವನೊಬ್ಬ ಎರಡು ಸಲ ಬಂದು ಕೇಳಿ ಬರಿಗೈಯಲ್ಲಿ ಹೋದ. ನಾನು ಕೇಳಿದಾಗ, "ನೀನು ಬಟ್ಟೆ ಕತ್ತರಿಸು, ಸಾಕು" ಅಂದಿದ್ದರು.

ಇಂದ್ರಕಲಾಳಿಗೆ ಆ ಗಿಡಗಳ ಮೇಲೆ ಎಷ್ಟು ಸಿಟ್ಟಿತ್ತೆಂದು ನನಗೆ ಗೊತ್ತಾದದ್ದು ಒಂದು ಏಪ್ರಿಲ್‌ನಲ್ಲಿ. ಮಧ್ಯಾಹ್ನ ಮೋಡ ಕವಿದು ಇದ್ದಕ್ಕಿದ್ದಂತೆ ಆಲಿಕಲ್ಲು ಬೀಳತೊಡಗಿತು. ತಗಡಿನ ಮಾಡುಗಳ ಸದ್ದಿನಲ್ಲಿ ಕಿವಿ ಕಿವುಡಾಯಿತು. ಎದುರು ಬಾಗಿಲಲ್ಲಿ ಇಂದ್ರಕಲಾ ಕೈಕಟ್ಟಿ ನಿಂತಿದ್ದಳು. ಒಳಗಿನಿಂದ ಧನ್‌ಕುಮಾರಿ ಗಾಜು ಬಡಿದು ಕಿರುಚುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಎಳೆಯ ಚಿಗುರೆಲ್ಲ ಚಿಂದಿಯಾಗುತ್ತಿದ್ದುದನ್ನು ಅವಳು ನೋಡುತ್ತಾ ನಿಂತಳು. ಆಮೇಲೆ ಏನಾಯಿತೋ, ತಲೆಯ ಮೇಲೆ ಹಿತ್ತಾಳೆ ಬೋಗುಣಿ ಮಗುಚಿಕೊಂಡು ಅಂಗಳಕ್ಕೆ ಓಡಿದಳು. ಒಂದೊಂದೇ ಒಳಗೆ ಸೇರಿಸುವಷ್ಟರಲ್ಲಿ ಅವಳ ಮೊಣಕೈಗಳಲ್ಲಿ ರಕ್ತ.

ಮರುದಿನ ಅಂಗಡಿಗೆ ಬಂದು ನನ್ನ ಮೆಷಿನ್ನಿನ ಪಕ್ಕ ಕೂತಳು.

"ಬಿದ್ದು ಹಾಳಾಗ್ಲಿ ಅಂತ ನಿಂತಿದ್ದೆ ದಿದಿ. ಇವು ಹೋದ್ರೆ ನಾನೂ ಹೋಗಬಹುದು ಅನ್ನಿಸ್ತು."

"ಮತ್ತೆ ಯಾಕೆ ಓಡಿದೆ?"

"ಗೊತ್ತಿಲ್ಲ. ಕಾಲು ಓಡ್ತು."

ಮೂರೇ ವಾರದಲ್ಲಿ ನಲವತ್ತೊಂದೂ ಚಿಗುರಿದವು. ಆ ವರ್ಷದಷ್ಟು ಹೂ ಹಿಂದೆಂದೂ ಬಿಟ್ಟಿರಲಿಲ್ಲ. ಓಣಿಯವರೆಲ್ಲ ನೋಡಿ ಹೊಗಳಿ ಹೋದರು. ಇಂದ್ರಕಲಾ ಮಾತ್ರ ಹೂಗಳ ನಡುವೆ ಮುಖ ಗಂಟು ಹಾಕಿಕೊಂಡು ನಿಂತಿದ್ದಳು. "ಸಾಯಲ್ಲ ದಿದಿ ಇವು" ಅಂದಳು ನನ್ನ ಕಿವಿಯಲ್ಲಿ.

ಪ್ರತಿ ದಸೈಂಗೆ, ನಮ್ಮ ದಸರಾ ಹಬ್ಬಕ್ಕೆ, ಬಂದಾಗಲೂ ಪದಮ್ ಹೇಳುತ್ತಿದ್ದ: "ಈ ವರ್ಷ ಇಬ್ಬರನ್ನೂ ಕೆಳಗೆ ಕರ್ಕೊಂಡು ಹೋಗ್ತೀನಿ." ಅವನ ತಾಯಿ ರಾಗಿ ಮದ್ಯ ತೊಂಗ್ಬಾ ಹೀರುವ ಬಿದಿರು ಕೊಳವೆಯನ್ನು ಬಾಯಿಂದ ತೆಗೆಯದೆಯೇ ತಲೆ ಅಲ್ಲಾಡಿಸುತ್ತಿದ್ದರು. "ನನ್ನ ಗಿಡ ಅಲ್ಲಿ ಬೆಂದುಹೋಗ್ತವೆ. ನಾನು ಬರಲ್ಲ." ಪದಮ್ ಹೆಂಡತಿಯ ಕಡೆ ನೋಡಿ, ನಾನೇನು ಮಾಡಲಿ ಎನ್ನುವಂತೆ ಕೈ ಚೆಲ್ಲುತ್ತಿದ್ದ. ಕೆಡುಕನಲ್ಲ ಅವನು. ಆದರೆ ಯಾರಾದರೂ ಒಬ್ಬರು ಬೇಡ ಎಂದರೆ ಸಾಕು, ಅವನ ಯೋಚನೆ ಅಲ್ಲಿಗೆ ನಿಲ್ಲುತ್ತಿತ್ತು.

ಹೀಗೆ ಹದಿಮೂರು ವರ್ಷ ಕಳೆಯಿತು. ಹದಿಮೂರನೇ ಚಳಿಗಾಲದಲ್ಲಿ ಧನ್‌ಕುಮಾರಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಬಿದ್ದಂತಾಯಿತು. ಕರ್ಸಿಯಾಂಗಿನ ಡಾಕ್ಟರು ಖಂಡಿತವಾಗಿ ಹೇಳಿದರು: ಇನ್ನೊಂದು ಚಳಿಗಾಲ ಈ ಮಂಜಿನಲ್ಲಿ ಇಟ್ಟರೆ ಬದುಕುವುದಿಲ್ಲ. ಈ ಸಲ ಮುದುಕಿ ವಾದಿಸಲಿಲ್ಲ. "ಹದಿನೆಂಟು ಗಿಡ ನನ್ನ ಜೊತೆ ಬರಬೇಕು" ಎಂದರು, ಅಷ್ಟೆ. ಉಳಿದ ಇಪ್ಪತ್ತಮೂರನ್ನು ನನ್ನ ಅಂಗಳಕ್ಕೆ ಸಾಗಿಸಿದರು. ಮನೆಯನ್ನು ಒಬ್ಬ ಶಾಲಾ ಮಾಸ್ತರನ ಸಂಸಾರಕ್ಕೆ ಬಾಡಿಗೆಗೆ ಕೊಟ್ಟರು.

ಜೀಪು ಹೊರಟ ದಿನ ಇಂದ್ರಕಲಾ ಹೊಸ ಸ್ವೆಟರ್ ಹಾಕಿಕೊಂಡಿದ್ದಳು. ತೊಡೆಯ ಮೇಲೆ ಎರಡು ಕುಂಡ, ಕಾಲಡಿಯಲ್ಲಿ ನಾಲ್ಕು. ಆದರೂ ನಗುತ್ತಿದ್ದಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಬಟ್ಟೆ ತರಲು ಸಿಲಿಗುರಿಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಇದ್ದ ಒಂದು ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಮೇಲಿನ ತಾರಸಿಗೆ ಮನೆ ಮಾಲೀಕ ಸಾಮಂತಬಾಬು ಬೀಗ ಹಾಕಿ ಬೀಗದಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

ಧನ್‌ಕುಮಾರಿಯನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿತ್ತು. ಬಿಸಿಲ ಊರಿನ ಶಾಖಕ್ಕೆ ಮೊಣಕಾಲ ನೋವು ಇಳಿದಿತ್ತಂತೆ. ಎದುರು ಬಾಗಿಲಿನ ಬಿಹಾರದ ಮುದುಕಿಯೊಬ್ಬಳ ಜೊತೆ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಮಂಡಕ್ಕಿಗೆ ಸಾಸಿವೆ ಎಣ್ಣೆ ಕಲಸಿ ತಿನ್ನುತ್ತಾ, ಇಬ್ಬರಿಗೂ ಸರಿಯಾಗಿ ಬರದ ಹಿಂದಿಯಲ್ಲಿ ಜೋರಾಗಿ ನಗುತ್ತಿದ್ದರು.

ಇಂದ್ರಕಲಾ ಬಚ್ಚಲಲ್ಲಿದ್ದಳು. ಒಂದು ಕುಂಡದ ಬಾಯಿಗೆ ಬಟ್ಟೆ ಕಟ್ಟಿ, ಗಿಡವನ್ನು ತಲೆಕೆಳಗಾಗಿ ಹಿಡಿದು, ಎಲೆಗಳ ಹಿಂಭಾಗಕ್ಕೆ ನಲ್ಲಿಯ ನೀರು ಬಿಡುತ್ತಿದ್ದಳು. ಎಲೆಗಳ ನಡುವೆ ಜೇಡನ ಬಲೆಯಂಥ ಸಣ್ಣ ನೂಲು. ಕಣ್ಣಿಗೆ ಕಾಣದ ಕೆಂಪು ಹುಳದ ಕೆಲಸ ಅದು. ಬಿಸಿ ಮತ್ತು ಒಣ ಗಾಳಿ ಸಿಕ್ಕರೆ ಒಂದು ವಾರದಲ್ಲಿ ಗಿಡವನ್ನು ಹೀರಿಬಿಡುತ್ತದೆ. ಹದಿನೆಂಟರಲ್ಲಿ ಒಂಬತ್ತು ಆಗಲೇ ಕಡ್ಡಿಯಾಗಿದ್ದವು.

"ಬೆಳಕಿಲ್ಲ ದಿದಿ. ಟ್ಯೂಬ್‌ಲೈಟ್ ಕೆಳಗೆ ಇಟ್ಟೆ. ಎರಡು ದಿನಕ್ಕೊಮ್ಮೆ ತೊಳೀತೀನಿ. ಇವಕ್ಕೆ ಹೊರಗೆ ಬೇಕು. ಇಲ್ಲಿ ಹೊರಗೆ ಅನ್ನೋದೇ ಇಲ್ಲ."

ಹೊರಗಿನಿಂದ ಅತ್ತೆ ಕೂಗಿದರು: "ಎಸೆದುಬಿಡು ಅಂತ ಹೇಳಿ ಹೇಳಿ ಬಾಯಿ ನೋವು ಬಂತು. ಕೇಳಲ್ಲ ಇವಳು. ನೀನಾದ್ರೂ ಹೇಳು."

ಇಂದ್ರಕಲಾ ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದಳು. ಕೈಯಲ್ಲಿದ್ದ ಗಿಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹದಿಮೂರು ವರ್ಷ ಒಂದು ಎಲೆ ಬಿದ್ರೆ ಮನೆ ತಲೆ ಮೇಲೆ ಹೊತ್ಕೊಳ್ತಿದ್ರಿ ಆಮಾ. ಈಗ ಎಸಿ ಅಂತೀರಾ?"

"ಅಲ್ಲಿ ನನಗೆ ನೋಡೋಕೆ ಇನ್ನೇನಿತ್ತೇ? ಇಲ್ಲಿ ಜನ ಇದಾರೆ" ಎಂದು ಮುದುಕಿ ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಲೇ, ಹವಾಮಾನದ ಮಾತಾಡುವಷ್ಟು ಸಲೀಸಾಗಿ, ಸೇರಿಸಿದರು: "ಗಿಡದ ನೆಪ ಇಲ್ಲದೆ ಇದ್ದಿದ್ರೆ ನೀನು ಆ ತರಬೇತಿಗೆ ಹೋಗಿಬಿಡ್ತಿದ್ದೆ. ಒಬ್ಬ ಮುದುಕಿಗೋಸ್ಕರ ಯಾರು ಮನೇಲಿ ಕೂರ್ತಾರೆ? ಮುಖ ಸಿಂಡರಿಸಿಕೊಂಡು ಒಂದಿನ ಹೊರಟೇಬಿಡ್ತಾರೆ. ನಲವತ್ತೊಂದು ಗಿಡ ಕೈಗೆ ಕೊಟ್ರೆ ಹೊರಡೋಕೆ ಪುರುಸೊತ್ತೇ ಇರಲ್ಲ. ನನಗೆ ನೀರು ಕೊಡೋರು ಬೇಕಿತ್ತು, ಇಟ್ಕೊಂಡೆ."

ಬಿಹಾರದ ಮುದುಕಿ ಮಾತು ಅರ್ಥವಾಗದೆ ನಮ್ಮೆಲ್ಲರ ಮುಖ ನೋಡಿದಳು. ಇಂದ್ರಕಲಾ ಒಳಗೆ ಹೋಗಿ ಆ ಗಿಡವನ್ನು ಅದರ ಜಾಗದಲ್ಲಿಟ್ಟು, ಇನ್ನೊಂದನ್ನು ತೆಗೆದುಕೊಂಡು ತೊಳೆಯತೊಡಗಿದಳು.

ಜೀಪ್ ಸ್ಟ್ಯಾಂಡಿನವರೆಗೆ ನನ್ನನ್ನು ಬಿಡಲು ಬಂದಾಗ ದಾರಿಯಲ್ಲಿ ಬಾಯಿ ಬಿಟ್ಟಳು.

"ಗೊತ್ತಿತ್ತು ದಿದಿ. ಎಲ್ಲೋ ಒಳಗೆ ಗೊತ್ತಿತ್ತು. ಅವರು ಬಾಯಿಬಿಟ್ಟು ಹೇಳಬಾರದಿತ್ತು. ಇಷ್ಟು ವರ್ಷ ಕೆಳಗೆ ಬಂದ್ರೆ ಎಲ್ಲ ಸರಿಹೋಗುತ್ತೆ ಅಂತ ಕಾದೆ. ಬಂದೆ. ತರಬೇತಿ ವಿಚಾರಿಸಿದೆ, ವಯಸ್ಸು ಮೀರಿದೆ ಅಂದ್ರು. ನಮ್ಮನೆಯವರು ಬೆಳಿಗ್ಗೆ ಹೋಗಿ ಸಂಜೆ ಬರ್ತಾರೆ, ಏನು ಮಾತಾಡೋದು ಅಂತ ಇಬ್ಬರಿಗೂ ಗೊತ್ತಾಗಲ್ಲ. ತಿಂಗಳಿಗೆರಡು ದಿನದ ಮಾತು ಮಾತ್ರ ಅಭ್ಯಾಸ ನಮಗೆ."

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ನನ್ನ ಬಾಗಿಲಿಗೆ ಬಂದಳು. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಏಳು ಕುಂಡ. ಬದುಕಿ ಉಳಿದದ್ದು ಅಷ್ಟೇ.

"ಇವಕ್ಕೆ ಸ್ವಲ್ಪ ಗಾಳಿ ಕುಡಿಸಿ ಹೋಗ್ತೀನಿ" ಅಂದಳು.

ಹನ್ನೆರಡು ದಿನ ಇದ್ದಳು. ಮೊದಲ ದಿನ ಕುಂಡಗಳನ್ನು ನನ್ನ ಮಾಡಿನ ನೆರಳಿನಲ್ಲಿಟ್ಟಳು. ಕತ್ತಲಲ್ಲಿದ್ದು ಬಂದವನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಸುಟ್ಟುಹೋಗುತ್ತವೆಂದಳು. ಮರುದಿನ ಒಂದು ಗಂಟೆ ಎಳೆಬಿಸಿಲು, ಅದರ ಮರುದಿನ ಎರಡು. ಒಣಗಿದ ರೆಂಬೆಗಳನ್ನು ಬುಡದಿಂದ ಮೂರು ಬೆರಳಿನಷ್ಟು ಬಿಟ್ಟು ಕತ್ತರಿಸಿದಳು. ಹಳೆಯ ಮಣ್ಣನ್ನು ಕೊಡವಿ, ಬೇರು ಸವರಿ, ಹೊಸ ಮಣ್ಣು ತುಂಬಿದಳು. ಸಾಸಿವೆ ಹಿಂಡಿಯನ್ನು ವಾರ ನೆನೆಹಾಕಿ ತಿಳಿ ನೀರು ಮಾಡಿ ಹಾಕಿದಳು. ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರು, ಅನ್ನ ಹೊಟ್ಟೆ ತುಂಬ ಉಂಡಳು. ನನ್ನ ಅಂಗಳದ ಇಪ್ಪತ್ತಮೂರನ್ನೂ ಒಮ್ಮೆ ನೋಡಿ, "ದಿದಿ, ನೀವು ಇವಕ್ಕೆ ತಲೆಗೆ ಸ್ನಾನ ಮಾಡಿಸ್ತೀರಾ? ಎಷ್ಟು ಸಲ ಹೇಳಿದೀನಿ ಬುಡಕ್ಕೆ ಹಾಕಿ ಅಂತ" ಎಂದು ಥೇಟ್ ಅತ್ತೆಯ ದನಿಯಲ್ಲಿ ಬೈದಳು. ತನ್ನ ದನಿ ತನಗೇ ಕೇಳಿ ತಟ್ಟನೆ ಸುಮ್ಮನಾದಳು.

ತನ್ನ ಮನೆಯ ಗೇಟಿನ ಹತ್ತಿರ ಮಾತ್ರ ಅವಳು ಹೋಗಲಿಲ್ಲ. ಮಾಸ್ತರನ ಹೆಂಡತಿ ಆ ಕಿಟಕಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಇಂದ್ರಕಲಾ ಆ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು.

ಒಂಬತ್ತನೇ ದಿನ ಪದಮ್‌ನ ಫೋನು ಬಂತು. ಆಮಾಗೆ ತನ್ನ ಅಡುಗೆ ಸೇರುತ್ತಿಲ್ಲ, ಯಾವಾಗ ಬರುತ್ತೀಯ ಎಂದು ಕೇಳಿದ. ಹೇಳುತ್ತೇನೆ ಎಂದು ಇಟ್ಟುಬಿಟ್ಟಳು.

"ಹೋಗಬೇಡ. ನನಗೆ ಕಾಜ, ಗುಂಡಿ ಹೊಲಿಯೋರು ಬೇಕು. ಹಿಂದಿನ ಕೋಣೆ ಖಾಲಿ ಇದೆ. ಇಲ್ಲೇ ಇದ್ಬಿಡು" ಅಂದೆ. ಬಾಯಿ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹೇಳಿದೆ.

ಎರಡು ದಿನ ಯೋಚಿಸಿದಳು. ನನಗೆ ಆಸೆ ಹುಟ್ಟಿತು. ಹನ್ನೊಂದನೇ ದಿನ ಸಂಜೆ, ಮಂಜು ಬಂದಾಗ ಮೂವತ್ತೂ ಕುಂಡಗಳನ್ನು ಒಳಗಿಟ್ಟು ಬಂದು, ಕೈ ಒರೆಸಿಕೊಳ್ಳುತ್ತಾ ಹೇಳಿದಳು:

"ಆಗಲ್ಲ ದಿದಿ. ಇಲ್ಲಿ ಮಂಜು ಎದ್ರೆ ಎದೆ ಹೊಡ್ಕೊಳ್ಳುತ್ತೆ. ಯಾರೂ ಕೂಗ್ದೆ ಇದ್ರೂ ಎಣಿಸೋದು ಕೇಳುತ್ತೆ. ಅಲ್ಲಿ ಗೋಡೆ ನೋಡ್ಕೊಂಡು ಕೂತ್ರೆ ಉಸಿರು ಕಟ್ಟುತ್ತೆ. ಎರಡೂ ಕಡೆ ಆಗಲ್ಲ. ಆದ್ರೆ ಅಲ್ಲಿ ಆ ಮುದುಕಿಗೆ ಮಾತ್ರೆ ಕೊಡೋರು ಇಲ್ಲ, ಅದೊಂದು ನಿಜ."

"ನಿನ್ನನ್ನ ಹಾಗೆ ಕಟ್ಟಿಹಾಕಿದವರಿಗೆ ಮಾತ್ರೆ ಕೊಡೋಕೆ ಹೋಗ್ತೀಯಾ?"

"ಸಿಟ್ಟಿದೆ ದಿದಿ. ಸಾಯೋವರೆಗೂ ಇರುತ್ತೆ. ಸಿಟ್ಟಿಟ್ಕೊಂಡೇ ಕೊಡ್ತೀನಿ."

ಆದರೆ ಹೊರಡುವ ಮೊದಲು ಅವಳು ಒಂದು ಕೆಲಸ ಮಾಡಿದಳು. ಗಂಡನಿಗೆ ಫೋನು ಮಾಡಿದಳು. ಅವಳು ಅವನೊಡನೆ ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಕೇಳಿ ಇಲ್ಲಿ. ತಾರಸಿ ಬೀಗದಕೈ ಇಸ್ಕೊಂಡು ಇಟ್ಟಿರಿ. ಸಿಕ್ಕಿದೆ ಅಂತ ಫೋನ್ ಮಾಡಿ, ಆಮೇಲೆ ಜೀಪ್ ಹತ್ತೀನಿ. ... ಅವರು ಕೊಡಲ್ಲ ಅಂದ್ರೆ ನಾನೂ ಬರಲ್ಲ. ... ನಾಚಿಕೆ ಆದ್ರೆ ಆಗ್ಲಿ. ಹದಿನೈದು ವರ್ಷದಲ್ಲಿ ನಾನು ಕೇಳಿದ್ದು ಇದೊಂದೇ."

ಮರುದಿನ ಹನ್ನೊಂದಕ್ಕೆ ಫೋನು ಬಂತು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ದಿನಕ್ಕೆ ಮೂರು ಗಂಟೆ ಹೊತ್ತು, ಬೀಗದಕೈ ಕೊಡಲು ಸಾಮಂತಬಾಬು ಒಪ್ಪಿದ್ದ. ಅವಳು ಏಳು ಕುಂಡಗಳಲ್ಲಿ ಗಟ್ಟಿಯಾದ ಐದನ್ನು ಆರಿಸಿಕೊಂಡು ಜೀಪು ಹತ್ತಿದಳು.

ಇದಾಗಿ ನಾಲ್ಕು ವರ್ಷ. ಧನ್‌ಕುಮಾರಿ ಎಂಬತ್ತೊಂದರಲ್ಲೂ ಗಟ್ಟಿಯಾಗಿದ್ದಾರೆ. ಹೋದ ನವೆಂಬರ್‌ನಲ್ಲಿ ನಾನು ಹೋದಾಗ ಇಂದ್ರಕಲಾ ನನ್ನನ್ನು ತಾರಸಿಗೆ ಕರೆದುಕೊಂಡು ಹೋದಳು. ನೀರಿನ ಟ್ಯಾಂಕಿನ ಪಕ್ಕ, ಹಸಿರು ನೆರಳುಬಲೆಯ ಕೆಳಗೆ ಹದಿನಾಲ್ಕು ಕುಂಡ. ನೀರು ಇಂಗಿ ಮಾಲೀಕನ ತಾರಸಿ ಹಾಳಾಗದಂತೆ ಪ್ರತಿ ಕುಂಡದ ಕೆಳಗೂ ಎರಡೆರಡು ಇಟ್ಟಿಗೆ. ಕೆಳನಾಡಿನಲ್ಲಿ ಎಲ್ಲ ತಿರುಗುಮುರುಗು: ಚಳಿಗಾಲವಿಡೀ ಹೊರಗಿಟ್ಟರೆ ಹೂವೋ ಹೂವು, ಬೇಸಿಗೆಯಲ್ಲಿ ಒಂಬತ್ತು ಗಂಟೆಗೇ ಇಳಿಸಿ ಒಳಗಿಡದಿದ್ದರೆ ಬೇರೇ ಬೇಯುತ್ತದೆ. ಏಪ್ರಿಲ್‌ನಿಂದ ಮಳೆ ಬರುವವರೆಗೆ ದಿನವೂ ಹತ್ತಿಸಿ ಇಳಿಸುತ್ತಾಳೆ. ಕಟ್ಟಡದ ಹೆಂಗಸರಲ್ಲಿ ಯಾರು ಕೇಳಿದರೂ ಕಡ್ಡಿ ಮುರಿದು ಕೊಡುತ್ತಾಳೆ, ಹೇಗೆ ನೆಡಬೇಕೆಂದು ಹೇಳಿಕೊಡುತ್ತಾಳೆ. ಕೆಳಗಿನ ಎರಡು ಮಹಡಿಗಳ ಮೆಟ್ಟಿಲ ಮೇಲೆ ಅವಳ ಗಿಡದ ಮಕ್ಕಳನ್ನು ನಾನೇ ನೋಡಿದೆ. ಅತ್ತೆ ಇದಕ್ಕೂ ಗೊಣಗುತ್ತಾರಂತೆ.

"ಇಲ್ಲಿಂದ ನಮ್ಮ ಬೆಟ್ಟ ಕಾಣುತ್ತಾ?" ಅಂತ ಕೇಳಿದೆ.

"ಆ ಕಡೆ ಟ್ಯಾಂಕ್ ಅಡ್ಡ ಇದೆ ದಿದಿ. ಇಣುಕಿದ್ರೆ ಸ್ವಲ್ಪ ಕಾಣುತ್ತಂತೆ. ನಾನು ಇಣುಕಲ್ಲ."

ಬಾಡಿದ ಹೂಗಳನ್ನು ಒಂದೊಂದಾಗಿ ಚಿವುಟಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಮುಖದ ಮೇಲೆ ಬೆಳಗಿನ ಬಿಸಿಲಿತ್ತು. ಸಂತೋಷವಾಗಿದ್ದೀಯಾ ಎಂದು ಕೇಳಲು ಬಾಯಿಗೆ ಬಂತು, ಕೇಳಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಸಾಮಂತಬಾಬುವಿನ ಕೂಗು ಬಂತು; ಅತ್ತಿಗೆ ಎನ್ನಲು ಅವನು ಬಂಗಾಳಿಯಲ್ಲಿ ಬೌದಿ ಎನ್ನುತ್ತಾನೆ.

"ಬೌದಿ! ಒಂಬತ್ತು ಆಗ್ತಾ ಬಂತು!"

"ಇನ್ನೂ ಆರು ನಿಮಿಷ ಇದೆ ಬಾಬು" ಎಂದು ಅವಳು ಗಡಿಯಾರ ನೋಡದೆಯೇ ಕೂಗಿ ಹೇಳಿದಳು. ಆ ಆರು ನಿಮಿಷವನ್ನೂ ಅಲ್ಲೇ, ಒಂದು ಇಟ್ಟಿಗೆಯ ಮೇಲೆ, ಏನೂ ಮಾಡದೆ ಕೂತಳು. ಆಮೇಲೆ ಎದ್ದು ಬಾಗಿಲು ಹಾಕಿ, ಬೀಗ ಎಳೆದು ನೋಡಿ, ನನ್ನ ಮುಂದೆ ಮೆಟ್ಟಿಲು ಇಳಿದಳು.